ಬರೆಯುವ ಹೊತ್ತು ಮತ್ತು ‘ಸೋಮಾರಿ’ ದೇವನೂರ

ನಮ್ಮಲ್ಲಿ ಕತೆಗಾರರ ಸಂದರ್ಶನ ಅಂದರೆ ಒಂದು ಪ್ರಶ್ನೆ ಇದ್ದೇ ಇರುತ್ತದೆ: ನೀವು ಯಾವಾಗ ಬರೆಯುತ್ತೀರಿ, ನಿಮ್ಮ ಬರವಣಿಗೆಯ ಅಭ್ಯಾಸಗಳೇನು? ಉತ್ತರಗಳೂ ಹೆಚ್ಚುಕಮ್ಮಿ ಒಂದೇ ಥರ. ಬೆಳಗಿನ ಜಾವ ಏಳುವುದು, ಒಂದು ಲೋಟ ಕಾಫಿ, ಕಿಟಕಿ ಪಕ್ಕದ ಮೇಜು, ಇಂಥದೇ ಪೆನ್ನು, ಆ ಹೊತ್ತಿನಲ್ಲಿ ಮನೆಯವರು ಯಾರೂ ಮಾತಾಡಿಸುವುದಿಲ್ಲ ಎಂಬ ಸಣ್ಣ ಹೆಮ್ಮೆ. ಎಂ.ಎ. ಓದುವಾಗ ಇಂಥ ಸಂದರ್ಶನಗಳನ್ನು ನಾನು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆ. ಹಾಗೆ ಬದುಕಿದರೆ ಕತೆ ತಾನಾಗಿ ಬರುತ್ತದೆ ಅಂತ ನಂಬಿದ್ದೆ. ಆದರೆ ಇದೇ ಪ್ರಶ್ನೆ ದಲಿತ ಲೇಖಕನೊಬ್ಬನ ಮುಂದೆ ಬಂದು ನಿಂತಾಗ ಅದು ಬರೀ ಕುತೂಹಲದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಮೇಜು ಇದೆ, ಕಿಟಕಿ ಇದೆ, ಬಾಯಿ ಮುಚ್ಚಿಕೊಂಡಿರುವ ಮನೆಮಂದಿ ಇದ್ದಾರೆ ಎಂದು ಅದು ಮೊದಲೇ ಒಪ್ಪಿಕೊಂಡುಬಿಟ್ಟಿರುತ್ತದೆ. ಅವು ಇಲ್ಲದವನ ಅಭ್ಯಾಸವನ್ನು ಅದು ಸ್ವಭಾವ ಎಂದು ಓದುತ್ತದೆ. ಸ್ವಭಾವವೆಂದು ಓದಿದ ಮೇಲೆ ಅದಕ್ಕೊಂದು ಹೆಸರೂ ಬೇಕಲ್ಲ. ಆ ಹೆಸರು ‘ಸೋಮಾರಿತನ’ ಆಗಿರಬಹುದು, ‘ಅವಸರ’ ಆಗಿರಬಹುದು.

ಬಾಬಾಸಾಹೇಬರು ಹುಡುಗನಾಗಿದ್ದಾಗ ಓದುತ್ತಿದ್ದ ಹೊತ್ತನ್ನು ನೆನೆಯಿರಿ. ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿ ಆ ವಿವರ ಇದೆ. ಮುಂಬಯಿಯ ಪರೇಲಿನ ಚಾಳಿನಲ್ಲಿ ಒಂದೇ ಕೋಣೆ. ಅದರಲ್ಲೇ ಅಡುಗೆ, ಸೌದೆ, ಬೀಸುವ ಕಲ್ಲು, ಒಂದು ಮೇಕೆ. ಎಲ್ಲರೂ ಒಟ್ಟಿಗೆ ಮಲಗಲು ಜಾಗವಿಲ್ಲ. ಹಾಗಾಗಿ ಹುಡುಗ ಮುಂಚೆ ಮಲಗಬೇಕು; ಅಪ್ಪ ರಾಮಜಿ ರಾತ್ರಿ ಎರಡು ಗಂಟೆವರೆಗೆ ಎದ್ದಿದ್ದು, ಅವನನ್ನು ಓದಲು ಎಬ್ಬಿಸಿ, ಅವನು ಬಿಟ್ಟ ಜಾಗದಲ್ಲಿ ತಾನು ಮಲಗಬೇಕು. ಈ ಪ್ರಸಂಗವನ್ನು ನಮ್ಮ ಜಯಂತಿ ಭಾಷಣಗಳಲ್ಲಿ ಶ್ರದ್ಧೆಗೆ, ಛಲಕ್ಕೆ ಉದಾಹರಣೆಯಾಗಿ ಹೇಳುತ್ತೇವೆ. ಛಲ ಇತ್ತು, ನಿಜ. ಆದರೆ ಎರಡು ಗಂಟೆ ಎಂಬ ಆ ವೇಳೆಯನ್ನು ಗೊತ್ತುಮಾಡಿದ್ದು ಛಲವಲ್ಲ, ಕೋಣೆಯ ಅಳತೆ. ಮುಂದೆ ದಾದರಿನಲ್ಲಿ ಅವರು ‘ರಾಜಗೃಹ’ ಕಟ್ಟಿಸಿದ್ದು ಮುಖ್ಯವಾಗಿ ಪುಸ್ತಕಗಳಿಗಾಗಿ ಎಂಬುದನ್ನು ಇದರ ಪಕ್ಕದಲ್ಲೇ ಇಟ್ಟು ನೋಡಬೇಕು. ನಮ್ಮ ಕವಿ ಸಿದ್ಧಲಿಂಗಯ್ಯನವರಿಗೂ ಸ್ಮಶಾನಕ್ಕೂ ಇದ್ದ ನಂಟು ‘ಊರುಕೇರಿ’ ಓದಿದವರಿಗೆಲ್ಲ ಗೊತ್ತು. ಅದನ್ನು ನಾವು ನಕ್ಕು ಓದುತ್ತೇವೆ, ಅವರ ಗದ್ಯವೂ ನಗಿಸುತ್ತದೆ. ಕೇರಿಯ ಹುಡುಗನೊಬ್ಬನಿಗೆ ನಗರದಲ್ಲಿ ಸದ್ದಿಲ್ಲದ ಜಾಗ ಎಲ್ಲಿ ಸಿಕ್ಕೀತು ಎಂದು ಕೇಳಿಕೊಂಡರೆ ಆ ನಗು ಸ್ವಲ್ಪ ಹೊತ್ತು ನಿಲ್ಲುತ್ತದೆ.

ಈಗ ದೇವನೂರ ಮಹಾದೇವರಿಗೆ ಬರುತ್ತೇನೆ. ‘ದ್ಯಾವನೂರು’ ಕತೆಗಳು 1973ರಲ್ಲಿ ಬಂದವು. ಎಪ್ಪತ್ತರ ದಶಕದ ಕೊನೆಗೆ ‘ಒಡಲಾಳ’. 1984ರಲ್ಲಿ ‘ಕುಸುಮಬಾಲೆ’, ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಕಥನ ಸಾಹಿತ್ಯ ಎಂದು ನಾವು ಎತ್ತಿ ಹಿಡಿಯುವುದು ಮುಖ್ಯವಾಗಿ ಈ ಮೂರನ್ನು. ಮೂರನ್ನೂ ಸೇರಿಸಿದರೂ ಒಂದು ಸಾಧಾರಣ ಕಾದಂಬರಿಯ ದಪ್ಪ ಆಗುವುದಿಲ್ಲ. 2012ರಲ್ಲಿ ‘ಎದೆಗೆ ಬಿದ್ದ ಅಕ್ಷರ’ ಬಂತು, ಆದರೆ ಅದು ಲೇಖನಗಳ, ಮಾತುಗಳ ಸಂಗ್ರಹ. ಈ ಲೆಕ್ಕದ ಮೇಲೆ ಕನ್ನಡ ಸಾಹಿತ್ಯ ವಲಯದಲ್ಲಿ ಬಹುಕಾಲದಿಂದ ಓಡಾಡುತ್ತಿರುವ ಒಂದು ಮಾತಿದೆ: ಮಹಾದೇವ ಮಹಾ ಸೋಮಾರಿ. ಇದನ್ನು ಬೈಗುಳವಾಗಿ ಯಾರೂ ಹೇಳುವುದಿಲ್ಲ. ಪ್ರೀತಿಯಿಂದ, ಸಲಿಗೆಯಿಂದ, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೂ ಹೇಳುತ್ತಾರೆ. ನಾನು ಕುಳಿತ ಎಷ್ಟೋ ವಿಚಾರ ಸಂಕಿರಣಗಳಲ್ಲಿ ‘ಕುಸುಮಬಾಲೆ’ಯ ಮೇಲಿನ ಪ್ರಬಂಧ ಈ ಚಟಾಕಿಯಿಂದಲೇ ಶುರುವಾಗಿ, ಸಭೆ ನಕ್ಕು, ಆಮೇಲೆ ಪಠ್ಯದ ಕಡೆ ಹೋಗಿದ್ದಿದೆ. ಹೋಗದೆ ಅಲ್ಲೇ ಉಳಿದದ್ದೂ ಇದೆ.

ಸೋಮಾರಿ ಎನ್ನುವ ಪದ ನಮ್ಮ ಕೇರಿಗಳಿಗೆ ಹೊಸದಲ್ಲ. ಜಮೀನಿನ ಒಡೆಯ ಜೀತದಾಳಿಗೆ ಅಂದ ಮಾತು ಅದು. ಹೊತ್ತು ಹುಟ್ಟುವ ಮುಂಚೆ ಕೊಟ್ಟಿಗೆಗೆ ಬರದವನು, ಮಧ್ಯಾಹ್ನ ಮರದ ಕೆಳಗೆ ಬೆನ್ನು ಚಾಚಿದವನು ಸೋಮಾರಿ. ಲೇಖಕನ ಬಗ್ಗೆ ಈ ಪದ ಬಳಸುವವರ ಮನಸ್ಸಿನಲ್ಲಿ ಜಾತಿ ಇದೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಅನ್ನುವವರಲ್ಲಿ ನಮ್ಮವರೇ ಬೇಕಾದಷ್ಟು ಜನ ಇದ್ದಾರೆ. ಆದರೆ ಆ ಪದಕ್ಕೆ ತನ್ನದೇ ನೆನಪಿದೆ. ವಿಮರ್ಶಕನಾದವನು ಬಳಸುವ ಮುಂಚೆ ಅದನ್ನು ಒಂದು ಸಲ ಮೂಸಿ ನೋಡಬೇಕು.

ಆ ‘ಬರೆಯದ’ ವರ್ಷಗಳಲ್ಲಿ ಮಹಾದೇವ ಏನು ಮಾಡುತ್ತಿದ್ದರು? ಇದು ಗುಟ್ಟಿನ ವಿಷಯವಲ್ಲ. ಬಿ. ಕೃಷ್ಣಪ್ಪನವರ ಜೊತೆ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದವರಲ್ಲಿ ಅವರೊಬ್ಬರು. 1973ರ ಬೂಸಾ ಪ್ರಕರಣದ ಬಿಸಿಯಲ್ಲಿ ಹುಟ್ಟಿದ ಆ ಚಳವಳಿಗೆ ಕಚೇರಿ ಅಂದರೆ ಬಸ್ ನಿಲ್ದಾಣ, ಹಾಸ್ಟೆಲ್ಲಿನ ವರಾಂಡ. ಒಂದು ಊರಲ್ಲಿ ಬಹಿಷ್ಕಾರ, ಇನ್ನೊಂದು ಊರಲ್ಲಿ ಕೊಲೆ, ಮತ್ತೊಂದು ಕಡೆ ಭೂಮಿಯ ಜಗಳ. ಕರೆದ ಕಡೆಗೆ ಹೋಗಬೇಕು, ಅಳುವವರ ಮಾತು ಮುಗಿಯುವವರೆಗೆ ಕೂರಬೇಕು, ರಾತ್ರಿ ಸಿಕ್ಕಿದ ಬಸ್ಸಿಗೆ ವಾಪಸ್ಸು. ಇದರ ಜೊತೆ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ಕೆಲಸ. ಮುಂದೆ ಅದನ್ನೂ ಬಿಟ್ಟು ಬೇಸಾಯ. ನಾನು ಅವರನ್ನು ಸಭೆಗಳಲ್ಲಿ ದೂರದಿಂದ ನೋಡಿದ್ದೇನೆ ಅಷ್ಟೇ. ಅವರು ಬರೆಯುವುದನ್ನು ನೋಡಿಲ್ಲ, ಯಾವ ಹೊತ್ತಿನಲ್ಲಿ ಬರೆಯುತ್ತಾರೆ ಅಂತ ಕೇಳಿಲ್ಲ, ಕೇಳುವ ಆಸೆಯೂ ಈಗ ಇಲ್ಲ. ಲೇಖಕನ ಅಭ್ಯಾಸ ನಿಜವಾಗಿಯೂ ಮುಖ್ಯವಾಗಿದ್ದರೆ ಅದು ಅವನ ವಾಕ್ಯದಲ್ಲಿ ಕಾಣಬೇಕು. ಕಾಣದಿದ್ದರೆ ಅದು ಬರೀ ಸುದ್ದಿ.

ಕಾಣುತ್ತದೆ ಎಂದೇ ನನ್ನ ವಾದ. ‘ಒಡಲಾಳ’ದ ಸಾಕವ್ವ ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತ ಆಡುವ ಮಾತುಗಳನ್ನು ಗಟ್ಟಿಯಾಗಿ ಓದಿ ನೋಡಿ. ಬೈಗುಳ, ಮಮತೆ, ಲೆಕ್ಕಾಚಾರ, ದೇವರಿಗೆ ಹಾಕುವ ಸವಾಲು ಎಲ್ಲ ಒಂದೇ ಉಸಿರಿನಲ್ಲಿ ಬರುತ್ತವೆ. ರಾತ್ರಿಯೆಲ್ಲ ಮನೆಮಂದಿ ಒಲೆಯ ಸುತ್ತ ಕೂತು ಕಡಲೆಕಾಯಿ ತಿನ್ನುವ ಆ ಭಾಗದಲ್ಲಿ ಕತೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ತಿನ್ನುವುದು, ಮಾತು, ನಗು, ಮತ್ತೆ ತಿನ್ನುವುದು. ಬೆಳಗಾದರೆ ಪೊಲೀಸರು ಬರುತ್ತಾರೆ. ನವ್ಯರ ಕತೆಯಲ್ಲಿ ಇಷ್ಟು ಪುಟವನ್ನು ತಿನ್ನುವುದಕ್ಕೆ ಕೊಡುತ್ತಿರಲಿಲ್ಲ. ಅಲ್ಲಿನ ನಾಯಕನಿಗೆ ಹಸಿವು ಅಷ್ಟಾಗಿ ಇರಲಿಲ್ಲ ಬಿಡಿ. ಈ ಮಾತುಗಳನ್ನು ನೋಟ್‌ಬುಕ್ ಹಿಡಿದುಕೊಂಡು ಹೋಗಿ ಬರೆದುಕೊಂಡು ಬರಲಾಗುವುದಿಲ್ಲ. ಎದುರಿಗೆ ಪುಸ್ತಕ ಬಿಚ್ಚಿದರೆ ಸಾಕವ್ವನಂಥವರು ಬಾಯಿ ಮುಚ್ಚುತ್ತಾರೆ, ಇಲ್ಲವೇ ಅಮಲ್ದಾರನ ಮುಂದೆ ಆಡುವ ಭಾಷೆಗೆ ತಿರುಗುತ್ತಾರೆ. ಕಿವಿಯಲ್ಲಿ ಕೂತು, ಎಷ್ಟೋ ಕಾಲ ಅಲ್ಲೇ ಇದ್ದು, ಬೇಡದ್ದು ಉದುರಿಹೋದ ಮೇಲೆ ಉಳಿದ ಮಾತು ಅದು. ಉದುರಲು ಹೊತ್ತು ಬೇಕು. ಪ್ರತಿದಿನ ಬೆಳಿಗ್ಗೆ ನಾಲ್ಕು ಪುಟ ಬರೆಯುವವನಿಗೆ ಆ ಹೊತ್ತು ಸಿಗುವುದಿಲ್ಲ.

‘ಕುಸುಮಬಾಲೆ’ಯನ್ನು ಎಲ್. ಬಸವರಾಜು ಅವರು ಪದ್ಯದ ಸಾಲುಗಳಾಗಿ ಮುರಿದು ಅಚ್ಚು ಹಾಕಿಸಿದ್ದನ್ನು ಇಲ್ಲಿ ನೆನೆಯಬೇಕು. ವಚನಗಳನ್ನು ಸಂಪಾದಿಸಿದ ಆ ಹಿರಿಯರಿಗೆ ಈ ಗದ್ಯದಲ್ಲಿ ಉಸಿರಿನ ಗಂಟುಗಳು ಕೇಳಿಸಿದವು, ಕೇಳಿಸಿದ ಕಡೆ ಸಾಲು ಮುರಿದರು. ಆ ಪ್ರಯೋಗ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಗದ್ಯವಾಗಿದ್ದಾಗ ಓದುಗನೇ ತಡಕಾಡಿ ಉಸಿರು ಹುಡುಕಬೇಕಾಗುತ್ತದೆ. ಆ ತಡಕಾಟವೇ ಕೃತಿಯ ಅನುಭವ. ಆದರೆ ಅವರು ಕೇಳಿಸಿಕೊಂಡದ್ದು ನಿಜ. ಬಾಯಲ್ಲಿ ಎಷ್ಟೋ ಸಲ ಆಡಿ ಆಮೇಲೆ ಕಾಗದಕ್ಕೆ ಬಂದ ವಾಕ್ಯಗಳಂತೆ ಅವು ಓದಿಸಿಕೊಳ್ಳುತ್ತವೆ. ‘ಭಾಷೆ ಕಷ್ಟ, ಅರ್ಥ ಆಗೋದಿಲ್ಲ’ ಎಂದು ಗೊಣಗುವ ನನ್ನ ವಿದ್ಯಾರ್ಥಿಗಳಿಗೆ ಅದನ್ನು ಗಟ್ಟಿಯಾಗಿ ಓದಿ ಹೇಳಿದರೆ, ನಂಜನಗೂಡು, ಚಾಮರಾಜನಗರ ಕಡೆಯ ಹುಡುಗಿಯರು ಎರಡನೇ ಪ್ಯಾರಾಕ್ಕೆ ನಗಲು ಶುರುಮಾಡುತ್ತಾರೆ. ಕಣ್ಣಿಗೆ ಕಷ್ಟವಾದದ್ದು ಕಿವಿಗೆ ಸಲೀಸು.

ಇನ್ನೊಂದು ಮಾತು. ‘ಕುಸುಮಬಾಲೆ’ಯಲ್ಲಿ ಜೋತಮ್ಮಗಳು ಬರುತ್ತಾರಲ್ಲ, ಅವರು ಸೇರುವ ಹೊತ್ತು ಯಾವುದು? ಮನೆಮನೆಯಲ್ಲಿ ದೀಪ ಆರಿದ ಮೇಲೆ. ಉರಿಯುವಷ್ಟು ಹೊತ್ತು ಅವರು ಇನ್ನೊಬ್ಬರ ಕೆಲಸಕ್ಕೆ ಬೆಳಕು; ಆರಿಸಿದ ಮೇಲೆಯೇ ಅವರಿಗೆ ಬಿಡುವು, ಒಟ್ಟು ಸೇರುವುದು, ತಮ್ಮ ತಮ್ಮ ಮನೆಯ ಸುಖದುಃಖ ಹೇಳಿಕೊಳ್ಳುವುದು. ಇದನ್ನು ವಿಮರ್ಶಕರು ಮಾಂತ್ರಿಕ ವಾಸ್ತವ ಎಂದು ಕರೆದು ಲ್ಯಾಟಿನ್ ಅಮೆರಿಕದ ಕಡೆ ಬೆರಳು ತೋರಿಸಿದ್ದಾರೆ. ಅಷ್ಟು ದೂರ ಯಾಕೆ ಹೋಗಬೇಕು? ದೀಪಗಳು ರಾತ್ರಿ ಗುಡಿಯಲ್ಲಿ ಸೇರಿ ಮಾತಾಡುವುದು ನಮ್ಮ ಜನಪದ ಕತೆಗಳಲ್ಲೇ ಇದೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಕತೆಯೊಂದರಲ್ಲಿ ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತಿರುತ್ತದೆ, ಯಾರಿಗೂ ಹೇಳುವುದಿಲ್ಲ. ಒಳಗೆ ಉಸಿರುಕಟ್ಟಿದ ಕತೆ ಹೊರಗೆ ಬಂದು ಗಂಡಸಿನ ಜೋಡಾಗಿ ಬಾಗಿಲಲ್ಲಿ ಕೂರುತ್ತದೆ, ಹಾಡು ಅಂಗಿಯಾಗಿ ತೂಗುತ್ತದೆ. ಗಂಡನಿಗೆ ಅನುಮಾನ ಬರುತ್ತದೆ, ಮನೆ ಒಡೆಯುತ್ತದೆ. ನಿಜ ಸಂಗತಿ ಅವನಿಗೆ ತಿಳಿಯುವುದು ದೀಪಗಳ ಮಾತಿನಿಂದ. ಮಹಾದೇವರ ಜೋತಮ್ಮಗಳು ಈ ಬಳಗಕ್ಕೆ ಸೇರಿದವರು. ಹಗಲು ಕೂಲಿಯಲ್ಲಿ ಕಳೆದವರ ಕತೆಗೆ ಇರುವುದು ರಾತ್ರಿ ಒಂದೇ. ‘ಕುಸುಮಬಾಲೆ’ ರಾತ್ರಿಯ ಪುಸ್ತಕ. ಅದರಲ್ಲಿನ ಕಥನದ ವೇಳಾಪಟ್ಟಿಯೇ ಕೇರಿಯ ವೇಳಾಪಟ್ಟಿ. ಚನ್ನನ ಸಾವನ್ನು ಹಗಲಿನ ಸಾಕ್ಷಿಗಳು ಹೇಳಲಾರರು ಎಂಬುದಕ್ಕೂ ಇದಕ್ಕೂ ಸಂಬಂಧವಿದೆ.

ಈಗ ಇದರ ಎದುರು ಇನ್ನೊಬ್ಬರನ್ನು ನಿಲ್ಲಿಸಿ ನೋಡೋಣ. ಮರಾಠಿಯ ಅಣ್ಣಾಭಾವು ಸಾಠೆ. ಹುಟ್ಟಿದ್ದು 1920ರಲ್ಲಿ, ಸಾಂಗ್ಲಿ ಜಿಲ್ಲೆಯ ವಾಟೆಗಾಂವ್, ಮಾಂಗ್ ಜಾತಿ. ಶಾಲೆಗೆ ಹೋದದ್ದು ಬೆರಳೆಣಿಕೆಯ ದಿನಕ್ಕೂ ಕಡಿಮೆ. ಮುಂಬಯಿಗೆ ನಡೆದುಕೊಂಡೇ ಬಂದ ಕುಟುಂಬ. ಘಾಟ್ಕೋಪರಿನ ಚಿರಾಗ್ ನಗರದ ಜೋಪಡಿಯಲ್ಲಿ ಕೂತು ಮೂವತ್ತಕ್ಕೂ ಹೆಚ್ಚು ಕಾದಂಬರಿ, ಕತೆ, ಲಾವಣಿ, ತಮಾಷಾ ಬರೆದರು. 1959ರ ‘ಫಕೀರಾ’ವನ್ನು ಬಾಬಾಸಾಹೇಬರಿಗೆ ಅರ್ಪಿಸಿದ್ದಾರೆ, ಅದಕ್ಕೆ ಮಹಾರಾಷ್ಟ್ರ ಸರ್ಕಾರದ ಬಹುಮಾನವೂ ಬಂತು. ನಲವತ್ತೊಂಬತ್ತು ತುಂಬುವ ಮುಂಚೆ, 1969ರಲ್ಲಿ, ಬಡತನದಲ್ಲೇ ತೀರಿಕೊಂಡರು. ಅವರ ವಾಕ್ಯಗಳು ಓಡುತ್ತವೆ. ಕುದುರೆ, ಕತ್ತಿ, ದರೋಡೆ, ಸೇಡು ಎಲ್ಲ ಒಂದರ ಹಿಂದೆ ಒಂದು. ಕೆಲವು ಕಾದಂಬರಿಗಳು ನಿಜವಾಗಿಯೂ ಆತುರದವು; ಒಂದರ ಕಟ್ಟು ಇನ್ನೊಂದರಲ್ಲಿ ಮತ್ತೆ ಬರುತ್ತದೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಮುಚ್ಚಿಡುವುದೇ ದಲಿತ ವಿಮರ್ಶೆ ಎಂದು ತಿಳಿದವರು ನಮ್ಮಲ್ಲಿದ್ದಾರೆ, ಅವರೊಂದಿಗೆ ನನ್ನ ಜಗಳ. ಆದರೆ ಆತುರ ಯಾಕೆ ಎಂದು ಕೇಳದೆ ‘ಕಲಾತ್ಮಕ ಸಂಯಮವಿಲ್ಲ’ ಎಂದು ಷರಾ ಬರೆದ ಅಲ್ಲಿನ ಶಿಷ್ಟ ವಿಮರ್ಶೆಯೊಂದಿಗೂ ಅಷ್ಟೇ ಜಗಳ. ಪೆನ್ನಿನಿಂದಲೇ ಒಲೆ ಉರಿಯಬೇಕಾದವನಿಗೆ ಸಂಯಮದ ಬೆಲೆ ಬೇರೆ.

ಕಡಿಮೆ ಬರೆದವರು ಸೋಮಾರಿ, ಹೆಚ್ಚು ಬರೆದವರು ಅವಸರಗಾರ. ಹಾಗಾದರೆ ಸರಿಯಾದ ಪ್ರಮಾಣ ಎಷ್ಟು, ಅದನ್ನು ಯಾರ ಮನೆಯ ಗಡಿಯಾರ ನೋಡಿ ಗೊತ್ತುಮಾಡಿದರು? ವರ್ಜೀನಿಯಾ ವುಲ್ಫ್ 1929ರಲ್ಲಿ ಹೆಣ್ಣಿಗೆ ಬರೆಯಲು ಸ್ವಂತದ ಕೋಣೆ ಬೇಕು, ವರ್ಷಕ್ಕೆ ಐನೂರು ಪೌಂಡು ಬೇಕು ಎಂದದ್ದನ್ನು ನಮ್ಮ ವಿಮರ್ಶೆ ಒಪ್ಪಿಕೊಂಡಿದೆ. ಕೇರಿಯ ಲೇಖಕನ ಮಟ್ಟಿಗೆ ಮಾತ್ರ ಪ್ರತಿಭೆ, ಸ್ವಭಾವ ಎನ್ನುವ ಹಳೆಯ ಪರಿಭಾಷೆಗೇ ಹೋಗುತ್ತದೆ.

ಇಷ್ಟು ಹೇಳಿ ನಿಲ್ಲಿಸಿದ್ದರೆ ಲೇಖನ ಚೆನ್ನಾಗಿಯೇ ಇರುತ್ತಿತ್ತು. ಹೊರಗಿನವರನ್ನು ಬೈದು ಒಳಗೆ ಹಾಯಾಗಿ ಕೂರಬಹುದಿತ್ತು. ಆದರೆ ನಮ್ಮ ಒಳಗೂ ಒಂದು ಸುಳ್ಳು ಬೆಳೆಯುತ್ತಿದೆ. ಮಹಾದೇವರ ಅಲ್ಪತೆಯನ್ನು ನಾವು ತಪಸ್ಸು ಮಾಡಿಬಿಟ್ಟಿದ್ದೇವೆ. ಅವರು ಅವಧೂತ, ಫಕೀರ, ಸಂತ. 2010ರಲ್ಲಿ ನೃಪತುಂಗ ಪ್ರಶಸ್ತಿ ಬೇಡ ಎಂದರು. 2015ರಲ್ಲಿ ಪದ್ಮಶ್ರೀ ಮತ್ತು ಅಕಾಡೆಮಿ ಪ್ರಶಸ್ತಿಗಳನ್ನು ಹಿಂತಿರುಗಿಸಿದರು. ಇವು ರಾಜಕೀಯ ನಡೆಗಳು, ಅವಕ್ಕೆ ಅವರೇ ಕೊಟ್ಟ ಕಾರಣಗಳಿವೆ. ನಾವು ಕಾರಣವನ್ನು ಬಿಟ್ಟು ವೈರಾಗ್ಯವನ್ನು ಮಾತ್ರ ಹಿಡಿದುಕೊಂಡೆವು. ಸೋಮಾರಿ ಎನ್ನುವವರೂ ಪಠ್ಯ ಓದುವುದಿಲ್ಲ, ಸಂತ ಎನ್ನುವವರೂ ಓದುವುದಿಲ್ಲ. ನನ್ನ ಓರಗೆಯ ಕೆಲವು ಗೆಳೆಯರು ಎರಡು ಕತೆ ಬರೆದು ಮೂರನೆಯದನ್ನು ‘ಒಳಗೆ ಮಾಗಿಸುತ್ತಾ’ ಎಂಟು ವರ್ಷದಿಂದ ಚಹಾ ಅಂಗಡಿಯಲ್ಲಿ ಕೂತಿದ್ದಾರೆ. ಕೇಳಿದರೆ ದೇವನೂರರನ್ನು ತೋರಿಸುತ್ತಾರೆ. ಅದೇ ಕಾಲದಲ್ಲಿ ಮೊಗಳ್ಳಿ ಗಣೇಶರು ಕತೆ, ಕಾದಂಬರಿ, ವಿಮರ್ಶೆ ಎಂದು ನಿಲ್ಲದೆ ಬರೆದರು. ಅವರ ಆ ದುಡಿಮೆಯನ್ನು ಯಾಕೋ ಯಾರೂ ಅನುಕರಿಸಲಿಲ್ಲ.

ಗೆಳೆಯರ ಮಾತು ಯಾಕೆ, ನನ್ನದನ್ನೇ ಹೇಳುತ್ತೇನೆ. ನಾನು ಅತಿಥಿ ಉಪನ್ಯಾಸಕ. ರಜೆಯಲ್ಲಿ ಸಂಬಳವಿಲ್ಲ, ವರ್ಷವರ್ಷವೂ ಮತ್ತೆ ಅರ್ಜಿ. ಹೋದ ವರ್ಷ ಬೇಸಿಗೆಯಲ್ಲಿ ಒಂದು ಕತೆ ಮುಗಿಸಿಯೇಬಿಡಬೇಕು ಅಂತ ಊರಿಗೆ ಹೋದೆ. ನಮ್ಮದು ಎರಡು ಅಂಕಣದ ಮನೆ. ಟಿ.ವಿ. ಸದ್ದು, ಪಾತ್ರೆ ಸದ್ದು, ಬರೆಯಲಾಗುತ್ತಿಲ್ಲ ಅಂತ ಒಂದು ಸಲ ರೇಗಿದೆ. ಅವ್ವ ಏನೂ ಅನ್ನಲಿಲ್ಲ. ಅವತ್ತು ರಾತ್ರಿಯಿಂದ ಅವಳೂ ನನ್ನ ತಂಗಿಯೂ ಜಗಲಿಗೆ ಚಾಪೆ ಹಾಕಿಕೊಂಡರು. ಒಳಗೆ ಫ್ಯಾನು, ಬಲ್ಬು, ನಾನು. ಹನ್ನೊಂದು ರಾತ್ರಿ ಹಾಗೆ ನಡೆಯಿತು. ತಂಗಿ ಬೆಳಿಗ್ಗೆ ಐದಕ್ಕೆ ಎದ್ದು ಗಾರ್ಮೆಂಟ್ಸ್ ಬಸ್ಸು ಹಿಡಿಯುವವಳು, ಸೊಳ್ಳೆ ಹೊಡೆಯುವ ಸದ್ದು ನನಗೆ ಒಳಗೆ ಕೇಳಿಸುತ್ತಿತ್ತು. ನಾನು ಒಂದೂವರೆ ಪುಟ ಬರೆದು ಹರಿದೆ. ಅವ್ವ ಬೆಳಿಗ್ಗೆ ಮೆಲ್ಲಗೆ ಬಂದು ‘ಮುಗೀತಾ ಮಗಾ?’ ಅಂತ ಕೇಳೋಳು. ನಾನು ‘ಇಲ್ಲ ಕಣವ್ವ, ಅದು ಒಳಗೇ ಮಾಗಬೇಕು’ ಅಂದೆ. ಆ ಮಾತು ಬಾಯಿಂದ ಬಂದಾಗ ನನಗೇ ಅಸಹ್ಯವಾಯಿತು.

ಅಂದಿನಿಂದ ಬೇಬಿ ಕಾಂಬಳೆಯವರನ್ನು ಬೇರೆ ಥರ ಓದುತ್ತಿದ್ದೇನೆ. ಫಲ್ಟಣದಲ್ಲಿ ಸಣ್ಣ ಕಿರಾಣಿ ಅಂಗಡಿ ನಡೆಸುತ್ತಿದ್ದ ಆಕೆ ಪೊಟ್ಟಣ ಕಟ್ಟಲು ತಂದ ಹಳೆಯ ಪತ್ರಿಕೆಗಳನ್ನು ಓದಿಕೊಂಡು, ಅಂಗಡಿಯ ಬಿಡುವಿನಲ್ಲಿ ತನ್ನ ಬದುಕನ್ನು ಬರೆದರು. ಬರೆದ ಹಾಳೆಗಳನ್ನು ಗಂಡನ ಕಣ್ಣಿಗೆ ಬೀಳದಂತೆ ವರ್ಷಗಟ್ಟಲೆ ಬಚ್ಚಿಟ್ಟರು. ‘ಜಿಣ ಅಮುಚ’ ಪುಸ್ತಕವಾಗಿ ಬಂದದ್ದು 1986ರಲ್ಲಿ. ಬಾಬಾಸಾಹೇಬರ ಚಳವಳಿಯ ಕೂಸು ಆಕೆ, ಗಂಡನೂ ಅದೇ ಕೇರಿಯವನು. ಅಂದರೆ ಬರೆಯುವ ಹೊತ್ತನ್ನು ಕಸಿಯುವುದು ಊರು ಮಾತ್ರವಲ್ಲ, ನಮ್ಮ ಮನೆಯೂ ಹೌದು. ನಮ್ಮ ಕತೆಗಾರರ ಅಭ್ಯಾಸಗಳ ಬಗ್ಗೆ ಮಾತಾಡುವಾಗ ಒಲೆಯ ಮುಂದೆ ಯಾರಿದ್ದರು, ಜಗಲಿಯಲ್ಲಿ ಯಾರು ಮಲಗಿದರು ಎಂದು ಕೇಳದ ದಲಿತ ವಿಮರ್ಶೆ ಅರ್ಧ ವಿಮರ್ಶೆ. ಈ ವಿಶೇಷಾಂಕದ ಲೇಖಕರ ಪಟ್ಟಿಯಲ್ಲಿ ಹೆಂಗಸರ ಹೆಸರು ಎಷ್ಟಿವೆ ಎಂದು ಎಣಿಸುವ ಕೆಲಸ ಓದುಗರದು.

ಕೊನೆಯದಾಗಿ ಮಹಾದೇವರ ವಿಷಯದಲ್ಲಿ ಒಂದು ನಿಷ್ಠುರದ ಮಾತು ಬಾಕಿ ಇದೆ. 2022ರಲ್ಲಿ ‘ಆರ್‌ಎಸ್‌ಎಸ್: ಆಳ ಮತ್ತು ಅಗಲ’ ಎಂಬ ಕಿರುಹೊತ್ತಗೆ ಬರೆದು, ಯಾರು ಬೇಕಾದರೂ ಅಚ್ಚು ಹಾಕಿಕೊಳ್ಳಿ ಎಂದು ಹಕ್ಕು ಬಿಟ್ಟುಕೊಟ್ಟರು. ಹಲವು ಕಡೆಯಿಂದ ಒಟ್ಟಿಗೇ ಅಚ್ಚಾಗಿ ಅದು ಹಳ್ಳಿಹಳ್ಳಿಗೆ ಹೋಯಿತು. ಎಪ್ಪತ್ತು ದಾಟಿದ ‘ಸೋಮಾರಿ’ಯ ಕೆಲಸ ಅದು. ಅದನ್ನು ಓದಿ ಗೆಳೆಯರು ‘ಇನ್ನು ಕಾದಂಬರಿ ಯಾಕೆ ಬೇಕು, ಇದೇ ಅವರ ಕಾದಂಬರಿ’ ಎಂದರು. ನಾನು ಒಪ್ಪುವುದಿಲ್ಲ. ಲೇಖನ ಲೇಖನ, ಕಾದಂಬರಿ ಕಾದಂಬರಿ. ‘ಕುಸುಮಬಾಲೆ’ಯಿಂದ ಈಚೆಗೆ ನಲವತ್ತು ವರ್ಷ ಅಂಥ ಇನ್ನೊಂದು ಕೃತಿ ಬರಲಿಲ್ಲ ಎಂಬುದು ನಷ್ಟವೇ, ಅದನ್ನು ನಷ್ಟ ಎಂದೇ ಬರೆದಿಡಬೇಕು. ಅದರಲ್ಲಿ ಎಷ್ಟು ಭಾಗ ಅವರ ಆಯ್ಕೆ, ಎಷ್ಟು ಭಾಗ ಚಳವಳಿ ತನ್ನ ಕತೆಗಾರರನ್ನು ಸಭೆಯಿಂದ ಸಭೆಗೆ ಎಳೆದಾಡಿ ತಿಂದದ್ದು ಎಂಬ ಲೆಕ್ಕವನ್ನು ನಾವು ಇನ್ನೂ ಮಾಡಿಲ್ಲ. ಅಧ್ಯಕ್ಷತೆ ವಹಿಸಿ, ಎರಡು ಮಾತಾಡಿ, ಉದ್ಘಾಟಿಸಿ ಎಂದು ಅವರ ಬಾಗಿಲು ತಟ್ಟಿದವರಲ್ಲಿ ನಾವೇ ಹೆಚ್ಚು. ನಾನೂ ಒಮ್ಮೆ ಕಾಲೇಜಿನ ಕಾರ್ಯಕ್ರಮಕ್ಕೆಂದು ಪತ್ರ ಬರೆದು, ಪೋಸ್ಟ್ ಮಾಡಲು ಮರೆತೆ. ಆ ಪತ್ರ ಈಗಲೂ ನನ್ನ ‘ಒಡಲಾಳ’ದ ಪ್ರತಿಯೊಳಗೆ ಇದೆ. ಇನ್ನು ಹಾಕುವುದಿಲ್ಲ.